ಅರ್ಧಿಂಚಣ್ಣನಿಗಾಗಿ ಕಾಯುವ ಸುದ್ದಿ

ಏಳು ಸಮುದ್ರ ದಾಟಿ ಹೋಗುವ ಕಥೆಯಲ್ಲ ಇದು. ಹನ್ನೆರಡು ಹೆಜ್ಜೆ ಅಗಲದ ಒಂದು ಬೀದಿಯನ್ನು ದಾಟುವ ಕಥೆ. ಬೀದಿಯ ಈಚೆಗೆ ಒಂದು ಹೊಲಿಗೆ ಅಂಗಡಿ, ಆಚೆಗೆ ಒಂದು ಸಲೂನು. ನಡುವೆ ಎರಡು ಸಾಮ್ರಾಜ್ಯಗಳ ನಡುವೆ ಇರುವಷ್ಟು ವೈರ.

ಹೊಲಿಗೆ ಅಂಗಡಿಯವನಿಗೆ ಹೆತ್ತವರು ಇಟ್ಟ ಹೆಸರು ಒಂದಿತ್ತು. ಅದು ಅಂಗಡಿಯ ಕರೆಂಟು ಬಿಲ್ಲಿಗೆ ಮಾತ್ರ ಗೊತ್ತಿತ್ತು. ಬೀದಿಗೆಲ್ಲ ಅವನು ಅರ್ಧಿಂಚಣ್ಣ. ಕೋಟು ಉಸಿರು ಕಟ್ಟಿಸುತ್ತಿದೆ ಎಂದರೆ, "ಅರ್ಧ ಇಂಚು ಅಷ್ಟೇ ಸ್ವಾಮಿ, ಉಸಿರು ಸ್ವಲ್ಪ ಒಳಗೆ ಎಳ್ಕೊಳ್ಳಿ" ಎನ್ನುತ್ತಿದ್ದ. ಪ್ಯಾಂಟು ನೆಲ ಗುಡಿಸುತ್ತಿದೆ ಎಂದರೆ, "ಅರ್ಧ ಇಂಚಿಗೆಲ್ಲಾ ಜಗಳ ಆಡ್ತಾರಾ?" ಎನ್ನುತ್ತಿದ್ದ. ಹಾಗೆಂದು ಅವನ ಕೆಲಸದಲ್ಲಿ ಮೋಸವಿರಲಿಲ್ಲ. ಯಾವ ಬಟ್ಟೆ ಹೊಲಿದರೂ ಹೊಲಿಗೆಯ ಒಳಗಡೆ ಎರಡು ಬೆರಳಗಲ ಬಟ್ಟೆ ಮಡಚಿ ಬಿಟ್ಟಿರುತ್ತಿದ್ದ. ತೊಟ್ಟವರ ಮೈ ಬೆಳೆದರೆ ಬಿಚ್ಚಿ ಅಗಲ ಮಾಡಿಕೊಳ್ಳಲಿ ಎಂದು. ಅವನು ಹೊಲಿದ ಕೋಟುಗಳು ಯಜಮಾನರ ಜೊತೆಜೊತೆಗೇ ದಪ್ಪಗಾಗುತ್ತ ಹೋಗುತ್ತಿದ್ದವು.

ಇಷ್ಟರಲ್ಲೇ ತೃಪ್ತನಾಗಿದ್ದರೆ ಕಥೆಯೇ ಇರುತ್ತಿರಲಿಲ್ಲ. ಇಪ್ಪತ್ತು ವರ್ಷಗಳಿಂದ ಬೀದಿಗೆ ಸುದ್ದಿ ಹಂಚುವ ಅಧಿಕಾರ ಅವನದಾಗಿತ್ತು. ಬೆಳಿಗ್ಗೆ ಪತ್ರಿಕೆಯನ್ನು ಕತ್ತರಿಸುವ ಮೇಜಿನ ಮೇಲೆ ಹರಡಿ, ರೇಷ್ಮೆ ಬಟ್ಟೆಯ ಸುಕ್ಕು ತೆಗೆಯುವಂತೆ ಅಂಗೈಯಿಂದ ಸವರಿ, ಗಟ್ಟಿಯಾಗಿ ಓದುತ್ತಿದ್ದ. ಮಧ್ಯೆ ಯಾರಾದರೂ ಎದ್ದರೆ, "ಮಾತಾಡ್ತಿರೋರ ಮುಂದೆ ಎದ್ದು ಹೋಗ್ತೀರಲ್ಲ, ಮರ್ಯಾದೆ ಬೇಡ್ವಾ?" ಎಂದು ಕೂರಿಸುತ್ತಿದ್ದ. ಒಂದು ದಿನ ಎದುರಿನ ಸಲೂನಿನವನು ಗೋಡೆಗೆ ಬಾಗಿಲಷ್ಟು ದೊಡ್ಡ ಟೀವಿ ಏರಿಸಿದ. ಅಲ್ಲಿಗೆ ಮುಗಿಯಿತು. ಮಾಟಗಾತಿ ಊರಿಗೆ ಊರನ್ನೇ ಕರೆದುಕೊಂಡು ಹೋದ ಹಾಗೆ ಅರ್ಧಿಂಚಣ್ಣನ ಕೇಳುಗರೆಲ್ಲ ಬೀದಿ ದಾಟಿಬಿಟ್ಟರು.

ಪರರು ಹೋದದ್ದಕ್ಕೆ ಅವನು ಅಷ್ಟು ಕೊರಗಲಿಲ್ಲ. ಸ್ವಂತ ಅತ್ತೆ ಹೋದರು. ಹೆಂಡತಿಯ ತಾಯಿ, ಅಂಗಡಿಯ ಹಿಂದಿನ ಮನೆಯಲ್ಲಿ ಅವನ ಅನ್ನ ಉಣ್ಣುವವರು, ದಿನಾ ಒಂಬತ್ತಕ್ಕೆ ಊರುಗೋಲು, ಕನ್ನಡಕ, ನೋಯುವ ಮೊಣಕಾಲು ಮೂರನ್ನೂ ಸಂಭಾಳಿಸಿಕೊಂಡು ಬೀದಿ ದಾಟಿ, ಸಲೂನಿನ ಮೂರನೇ ತಿರುಗುವ ಕುರ್ಚಿಯಲ್ಲಿ ಮಹಾರಾಣಿಯಂತೆ ಕುಳಿತುಬಿಡುತ್ತಿದ್ದರು.

"ಅತ್ತೆ, ಜನ ಏನಂದುಕೋತಾರೆ? ನೀವೇನು ಗಡ್ಡ ಹೆರೆಸೋಕೆ ಹೋಗ್ತೀರಾ?"

"ನೀವು ಓದೋದು ನಿನ್ನೆ ಸುದ್ದಿ ಅಳಿಯಂದ್ರೇ. ಅಲ್ಲಿ ಬಿಸಿಬಿಸಿಯಾಗಿ ಬರುತ್ತೆ."

ಈ ಮಾತು ಅರ್ಧಿಂಚಣ್ಣನ ಎದೆಗೆ ಗುಂಡುಸೂಜಿಯಂತೆ ಚುಚ್ಚಿತು. ಅವನು ಫೋನು ತೆಗೆದ. ಹುಡುಕಿದ. ಒಂದು ಸುದ್ದಿ ವಾಹಿನಿಯ ಆ್ಯಪ್ ಸಿಕ್ಕಿತು. ಚಂದಾ ಕೊಟ್ಟರೆ ವರ್ಷಪೂರ್ತಿ ನೇರ ಸುದ್ದಿ, ಅಂಗೈಯಲ್ಲೇ. ದುಡ್ಡು ಕಳಿಸುವ ಗುಂಡಿ ಒತ್ತುವ ಮುನ್ನ ತಲೆ ಬಾಚಿಕೊಂಡು, ಗೂಟಕ್ಕೆ ನೇತುಹಾಕಿದ್ದ ಯಾರದೋ ಅರ್ಧ ಹೊಲಿದ ಕೋಟು ತೊಟ್ಟು, ಎದ್ದು ನಿಂತ. 'ಖಚಿತವೇ?' ಎಂದು ಫೋನು ಕೇಳಿತು. "ಖಚಿತ!" ಎಂದು ಗಟ್ಟಿಯಾಗಿ ಹೇಳಿ ಒತ್ತಿದ.

ಒಳಗಿನಿಂದ ಹೆಂಡತಿ ಬಂದಳು. "ಯಾರ ಜೊತೆ ಮಾತು?"

"ಇನ್ಮೇಲೆ ನಮ್ಮನೇಲಿ ಸುದ್ದಿ ನೇರವಾಗಿ ಬರುತ್ತೆ ಕಣೆ. ದುಡ್ಡು ಕಟ್ಟಿದ್ದೀನಿ."

"ರೀ, ಸುದ್ದಿಗೂ ದುಡ್ಡು ಕೊಡೋದಾ? ನಮ್ಮಮ್ಮ ಬಾಯಿ ತೆಗೆದ್ರೆ ಬಿಟ್ಟಿಯಾಗಿ ಬರುತ್ತಲ್ಲ!"

ಫೋನನ್ನು ದಾರದ ಉಂಡೆಗೆ ಒರಗಿಸಿ ನಿಲ್ಲಿಸಿದ. ಸುದ್ದಿ ಓದುವ ಹೆಣ್ಣುಮಗಳು ಕಾಣಿಸಿಕೊಂಡಳು, ಮಾತು ಶುರುವಾಯಿತು. ಅಷ್ಟರಲ್ಲಿ ಒಬ್ಬ ಗಿರಾಕಿ ಅಳತೆ ಕೊಡಲು ಬಂದ. ಅರ್ಧಿಂಚಣ್ಣ ಧರ್ಮಸಂಕಟಕ್ಕೆ ಬಿದ್ದ. ಅಳತೆ ತೆಗೆಯುವಾಗ ಅವನ ಬಾಯಲ್ಲಿ ಗುಂಡುಸೂಜಿ, ತಲೆಯಲ್ಲಿ ಅಂಕಿ. ಆಗ ಯಾರಾದರೂ ಮಾತಾಡಿದರೆ ಎದೆಯ ಅಳತೆ ಸೊಂಟಕ್ಕೆ ಹೋಗುತ್ತಿತ್ತು. ಹಾಗೆಂದು ಮಾತಾಡುತ್ತಿರುವ ಹೆಣ್ಣುಮಗಳಿಗೆ ಬೆನ್ನು ಹಾಕುವುದೇ? ದಯವಿಟ್ಟು ಒಂದು ನಿಮಿಷ ಎನ್ನುವಂತೆ, ಸೀಮೆಸುಣ್ಣ ಹಿಡಿದ ಬೆರಳನ್ನು ಮೆಲ್ಲಗೆ ಗಾಜಿನ ಮೇಲೆ ಇಟ್ಟ.

ಅವಳು ಬಾಯಿ ತೆರೆದಂತೆಯೇ ನಿಂತಳು!

ಅಳತೆ ಮುಗಿಸಿ ಮತ್ತೆ ಬೆರಳಿಟ್ಟ. ನಿಲ್ಲಿಸಿದ್ದ ಅಕ್ಷರದಿಂದಲೇ ಮುಂದುವರಿಸಿದಳು. ಅರ್ಧಿಂಚಣ್ಣನ ಕಣ್ಣು ತೇವವಾಯಿತು. "ನೋಡೇ, ದುಡ್ಡು ಕೊಟ್ಟೋರಿಗೆ ಹೇಗೆ ಕಾಯ್ತಾಳೆ! ಆ ಬಿಟ್ಟಿ ಟೀವಿ ಯಾರಿಗಾದ್ರೂ ಕಾಯುತ್ತಾ?"

ಓದುಗರಿಗೆ ಇಲ್ಲೇ ಒಂದು ವಿಷಯ ಹೇಳಿಬಿಡಬೇಕು. ಅವಳು ಕಾಯುತ್ತಿರಲಿಲ್ಲ. ಅವಳು ತನ್ನ ಪಾಡಿಗೆ ಎಲ್ಲೋ ಓದಿ ಮುಗಿಸಿ ಟೀ ಕುಡಿಯಲು ಹೋಗಿರುತ್ತಿದ್ದಳು. ಅರ್ಧಿಂಚಣ್ಣ ಎಷ್ಟು ಹೊತ್ತು ತಡೆದನೋ ಅಷ್ಟು ಹೊತ್ತು ಅವನ ಸುದ್ದಿ ಹಿಂದೆ ಬೀಳುತ್ತಿತ್ತು. ಬೆಳಿಗ್ಗೆ ಅಂಗಡಿ ತೆಗೆದಾಗ ಲೋಕದ ಸರಿಸಮಕ್ಕೆ ಹೊರಡುತ್ತಿದ್ದ ಸುದ್ದಿ, ಪ್ರತಿ ಗಿರಾಕಿಗೂ ಒಂದಿಷ್ಟು ನಿಂತು, ಮಧ್ಯಾಹ್ನದ ಹೊತ್ತಿಗೆ ಮುಕ್ಕಾಲು ಗಂಟೆ ಹಿಂದೆ ಕುಂಟುತ್ತಿತ್ತು. ಪರದೆಯ ಮೂಲೆಯಲ್ಲಿ 'ನೇರ' ಎಂಬ ಮಾತಿನ ಪಕ್ಕ ಇದ್ದ ಕೆಂಪು ಚುಕ್ಕೆ ಆಗ ಬೂದು ಬಣ್ಣಕ್ಕೆ ತಿರುಗುತ್ತಿತ್ತು. ಅದು ಸೀಮೆಸುಣ್ಣದ ಪುಡಿ ಎಂದು ಅರ್ಧಿಂಚಣ್ಣ ತೋಳಿನಿಂದ ಉಜ್ಜುತ್ತಿದ್ದ. ಚುಕ್ಕೆ ಹೋಗುತ್ತಿರಲಿಲ್ಲ. ಇನ್ನೂ ಗಟ್ಟಿಯಾಗಿ ಉಜ್ಜುತ್ತಿದ್ದ.

ಮೂರನೇ ದಿನ ಮಧ್ಯಾಹ್ನ ಅಂಚೆಯಣ್ಣ ಕಾಗದ ಕೊಡಲು ಬಂದ. ತಲೆಯಿಂದ ಕಾಲಿನವರೆಗೆ ನೀರು ಸುರಿಯುತ್ತಿತ್ತು.

"ಹುಷಾರು ಅಂಚೆಯಣ್ಣ, ಇನ್ನರ್ಧ ಗಂಟೇಲಿ ಭಾರಿ ಮಳೆ ಬರುತ್ತಂತೆ!" ಎಂದ ಅರ್ಧಿಂಚಣ್ಣ, ಅಂಗೈಯನ್ನು ಆಕಾಶದ ಕಡೆ ತೋರಿಸುತ್ತ.

ಅಂಚೆಯಣ್ಣ ಟೋಪಿ ತೆಗೆದು ಹಿಂಡಿದ. ಒಂದು ಲೋಟದಷ್ಟು ನೀರು ಹೊಸ್ತಿಲ ಮೇಲೆ ಬಿತ್ತು. "ಇದೇನು ಹಾಗಾದ್ರೆ?"

"ಸುದ್ದಿ ಬರೋಕೆ ಮುಂಚೇನೇ ಯಾಕೆ ನೆನೆದ್ರಿ? ಅಷ್ಟು ಅವಸರವಾ?"

ಅಂಚೆಯಣ್ಣ ನೇರವಾಗಿ ಸಲೂನಿಗೆ ಹೋಗಿ ಇದನ್ನು ಹೇಳಿದ. ಸಲೂನಿನಿಂದ ಬಂದ ನಗುವಿಗೆ ಅರ್ಧಿಂಚಣ್ಣನ ಗೂಟದ ಮೇಲಿನ ಕೋಟುಗಳು ತೂಗಾಡಿದವು.

ವ್ಯಾಜ್ಯ ತೀರ್ಮಾನಕ್ಕೆ ಹೋಯಿತು. ಸರ್ಕಾರಿ ಶಾಲೆಯ ಹೆಡ್‌ಮಾಸ್ತರರನ್ನು ನ್ಯಾಯಾಧೀಶರನ್ನಾಗಿ ಬೀದಿಯ ನಟ್ಟನಡುವೆ ನಿಲ್ಲಿಸಲಾಯಿತು. ಒಂದು ಕಿವಿ ಆ ಕಡೆ, ಒಂದು ಕಿವಿ ಈ ಕಡೆ. ಸೈಕಲ್ಲುಗಳು ಅವರನ್ನು ಬಳಸಿಕೊಂಡು ಹೋದವು. ಅವರು ಬಹಳ ಹೊತ್ತು ಕಣ್ಣು ಮುಚ್ಚಿ ಕೇಳಿ, ಗಂಟಲು ಸರಿಮಾಡಿಕೊಂಡರು.

"ಸಲೂನಿನಲ್ಲಿ ಮಂತ್ರಿಗಳು ಭಾಷಣ ಮುಗಿಸಿ ಹೊರಟುಹೋದರು. ಅರ್ಧಿಂಚಣ್ಣನ ಅಂಗಡಿಯಲ್ಲಿ ಅವರಿನ್ನೂ ಕಾರಿನಿಂದ ಇಳೀತಿದ್ದಾರೆ."

ಸಲೂನಿನವನು ಕತ್ತರಿಯನ್ನು ಗಾಳಿಯಲ್ಲೇ ಕಚಕಚ ಆಡಿಸಿದ. "ಏನಣ್ಣಾ, ನಿನ್ನ ಅಂಗಡೀಲಿ ಬರೋದು ಸುದ್ದಿನೋ, ಚರಿತ್ರೆ ಪಾಠನೋ? ಹೆಡ್‌ಮಾಸ್ತರೇ, ನಿಮ್ಮ ಶಾಲೆಗೆ ಕರ್ಕೊಂಡು ಹೋಗಿ ಇವನನ್ನ!"

ಅರ್ಧಿಂಚಣ್ಣ ಸೋಲುವ ಜಾತಿಯವನಲ್ಲ. "ನಿನ್ನ ಟೀವಿಗೆ ಅವಸರ. ಬಿಟ್ಟಿ ನೋಡೋರನ್ನ ಬೇಗ ಬೇಗ ಸಾಗಹಾಕ್ತಾರೆ. ದುಡ್ಡು ಕೊಟ್ಟೋರಿಗೆ ಮಂತ್ರಿಗಳು ಸಮಾಧಾನವಾಗಿ ಇಳೀತಾರೆ, ತಪ್ಪೇನು?"

ಜನ ಚದುರಿದರು. ಅತ್ತೆ ಮಾತ್ರ ಸಲೂನಿನ ಕುರ್ಚಿಯಲ್ಲಿ ಒಂದು ಸುತ್ತು ತಿರುಗಿ ಅಳಿಯನಿಗೆ ಬೆನ್ನು ಹಾಕಿದರು. ಕುರ್ಚಿ ತಿರುಗುವಾಗ ಕಿರ್ ಎಂದಿತು. ಆ ಕಿರ್ ಅರ್ಧಿಂಚಣ್ಣನಿಗೆ ರಾತ್ರಿ ಕನಸಿನಲ್ಲೂ ಕೇಳಿಸಿತು.

ಆ ಮೇಲೆ ಬಂತು ದೊಡ್ಡ ದಿನ.

ಅತ್ತೆಗೆ ಇನ್ನೊಬ್ಬ ಮಗಳಿದ್ದಳು. ಅರ್ಧಿಂಚಣ್ಣನ ನಾದಿನಿ. ಕ್ರೇನು ನಡೆಸುತ್ತಿದ್ದಳು, ಮೋಡಕ್ಕೆ ಕೈ ಹಾಕುವಷ್ಟು ಎತ್ತರದ್ದು. ಊರ ಚೌಕದ ಗಡಿಯಾರ ಗೋಪುರದಿಂದ ಮೂರು ವರ್ಷದ ಹಿಂದೆ ರಿಪೇರಿಗೆ ಇಳಿಸಿದ್ದ ಭಾರಿ ಗಡಿಯಾರವನ್ನು ಮತ್ತೆ ಮೇಲೇರಿಸಿ ಕೂರಿಸುವ ಕೆಲಸ ಅವಳಿಗೆ ಬಿದ್ದಿತ್ತು. ಬೆಳಿಗ್ಗೆ ಹತ್ತೂವರೆಗೆ. ಟೀವಿಯಲ್ಲಿ ನೇರ ಪ್ರಸಾರ.

ಅತ್ತೆ ಮಗಳ ಕೆಲಸವನ್ನು ಒಮ್ಮೆಯೂ ಕಣ್ಣಾರೆ ಕಂಡಿರಲಿಲ್ಲ. ಚೌಕದವರೆಗೆ ನಡೆಯಲು ಮೊಣಕಾಲು ಒಪ್ಪುತ್ತಿರಲಿಲ್ಲ, ನೂಕುನುಗ್ಗಲಿನಲ್ಲಿ ನಿಲ್ಲಲು ಜೀವ ಒಪ್ಪುತ್ತಿರಲಿಲ್ಲ. ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಮಗಳು ಫೋನು ಮಾಡಿದ್ದಳು. "ಅಮ್ಮ, ಗಡಿಯಾರ ಕೂತ ತಕ್ಷಣ ಕಿಟಕಿಯಿಂದ ಕೈ ಬೀಸ್ತೀನಿ. ಯಾರಿಗೂ ಅಲ್ಲ, ನಿನಗೆ. ನೋಡ್ತೀಯ ತಾನೆ?"

"ಕಣ್ಣು ರೆಪ್ಪೆ ಹೊಡೆಯಲ್ಲ ಮಗಳೇ."

ಅರ್ಧಿಂಚಣ್ಣ ಬಾಗಿಲ ಬಳಿ ನಿಂತು ಕೈ ಉಜ್ಜಿಕೊಂಡ. "ಅತ್ತೆ, ಇವತ್ತಾದ್ರೂ ನಮ್ಮ ಅಂಗಡೀಲೇ ನೋಡಿ. ಮನೆ ಹುಡುಗಿ. ಮೆತ್ತೆ ಹಾಕಿಟ್ಟಿದ್ದೀನಿ."

ಅತ್ತೆ ಊರುಗೋಲು ಎತ್ತಿಕೊಂಡರು. "ನಿಮ್ಮ ಫೋನಿನಲ್ಲಾ? ಅದರಲ್ಲಿ ನನ್ನ ಮಗಳು ಇನ್ನೂ ಹುಟ್ಟೇ ಇರಲ್ಲ, ಬಿಡಿ!"

ಹಾಗೆಂದು ಬೀದಿ ದಾಟಿದರು. ಹೆಂಡತಿಯೂ, ತಂಗಿಯ ಮೇಲಿನ ಪ್ರೀತಿಯಿಂದ, ಗಂಡನ ಮುಖ ನೋಡದೆ ಬೀದಿ ದಾಟಿದಳು. ಅಂಗಡಿಯಲ್ಲಿ ಉಳಿದವನು ಅರ್ಧಿಂಚಣ್ಣ, ಉಳಿದದ್ದು ಖಾಲಿ ಮೆತ್ತೆ.

ಹತ್ತು ಇಪ್ಪತ್ತೈದಕ್ಕೆ ಹೋಟೆಲಿನ ಏಳು ಜನ ಮಾಣಿಗಳು ಹೊಸ ಕೋಟಿನ ಅಳತೆ ಕೊಡಲು ಸಾಲಾಗಿ ಬಂದು ನಿಂತರು. ಅವನು ನಿಟ್ಟುಸಿರು ಬಿಟ್ಟು, ಸುದ್ದಿಯವಳ ಮೇಲೆ ಬೆರಳಿಟ್ಟು, "ಸ್ವಲ್ಪ ತಡಿಯಮ್ಮ" ಎಂದು ಟೇಪು ಎತ್ತಿಕೊಂಡ. ಏಳು ಎದೆ, ಏಳು ಹೊಟ್ಟೆ, ಹದಿನಾಲ್ಕು ತೋಳು. ದುಃಖದಲ್ಲಿದ್ದವನು ನಿಧಾನವಾಗಿ ಅಳೆದ.

ಆಚೆ ಕಡೆ ಸಲೂನಿನವನು ದರ್ಬಾರು ನಡೆಸುತ್ತಿದ್ದ. ಇಂಥ ಗಿರಾಕಿಗಳು ದಿನಾ ಸಿಗುವುದಿಲ್ಲ ಎಂದು ಫ್ಯಾನುಗಳನ್ನೆಲ್ಲ ಹಾಕಿದ. ಕೂದಲಿಗೆ ಹಬೆ ಹಿಡಿಯುವ ಹೊಸ ಯಂತ್ರ ಎಲ್ಲರೂ ನೋಡಲಿ ಎಂದು ಅದನ್ನೂ ಹಾಕಿದ. ಎರಡು ಧ್ವನಿಪೆಟ್ಟಿಗೆ ತರಿಸಿದ್ದ, ಅವನ್ನೂ ಸಿಕ್ಕಿಸಿದ. ಟೀವಿಯಲ್ಲಿ ಕ್ರೇನಿನ ಕೊಕ್ಕೆ ಗಡಿಯಾರದ ಕಡೆಗೆ ಬಾಗಿತು. ಅತ್ತೆ ಕನ್ನಡಕ ಒರೆಸಿ ಹಾಕಿಕೊಂಡರು. ಆ ಕ್ಷಣಕ್ಕೆ ಸರಿಯಾಗಿ ಬೀದಿಯ ಕಂಬದ ಮೇಲೆ ಢಬ್ ಎಂದು ಫ್ಯೂಸು ಹಾರಿತು.

ಟೀವಿ ಕಪ್ಪಾಯಿತು. ಫ್ಯಾನುಗಳು ನಿಂತವು. ಹಬೆಯ ಯಂತ್ರ ಒಂದು ಕೊನೆಯ ಉಸಿರು ಬಿಟ್ಟಿತು.

"ಹಾಕ್ರೀ! ಹಾಕ್ರೀ ಅದನ್ನ!" ಅತ್ತೆ ಊರುಗೋಲಿನಿಂದ ನೆಲ ಕುಟ್ಟಿದರು. ಸಲೂನಿನವನು ಲೈನ್‌ಮನ್ನಿಗೆ ಫೋನು ಮಾಡಿದ. ಲೈನ್‌ಮನ್ನು ಗಡಿಯಾರ ಏರಿಸುವುದನ್ನು ನೋಡಲು ಚೌಕದಲ್ಲಿ ನಿಂತಿದ್ದ; "ಮುಗೀಲಿ, ಬರ್ತೀನಿ" ಎಂದ. ಉಳಿದವರು ತಮ್ಮ ತಮ್ಮ ಫೋನಿನಲ್ಲಿ ಆ ವಾಹಿನಿ ಹುಡುಕಿದರು; ಚಂದಾ ಕಟ್ಟಿ ಎಂದು ಅದು ಎಲ್ಲರ ಮುಖಕ್ಕೂ ಬಾಗಿಲು ಹಾಕಿತು.

ಹನ್ನೊಂದು ಹತ್ತಕ್ಕೆ ಅಂಚೆಯಣ್ಣ ಗಂಟೆ ಬಾರಿಸುತ್ತ ಸೈಕಲ್ಲಿನಲ್ಲಿ ಬಂದ. "ಆಯ್ತು! ಕೂತುಬಿಡ್ತು! ಹೂ ಇಟ್ಟ ಹಾಗೆ ಇಟ್ಟಳು ನಮ್ಮ ಹುಡುಗಿ! ಆಮೇಲೆ ಕಿಟಕಿಯಿಂದ ಕೈ ಬೀಸಿದಳು ನೋಡಿ, ಆಹಾ, ಇಡೀ ಚೌಕವೇ..." ಎನ್ನುತ್ತಿದ್ದವನು ಅತ್ತೆಯ ಮುಖ ನೋಡಿ ಮಾತು ನುಂಗಿದ.

ಅತ್ತೆ ಬೈದಿದ್ದರೆ ಎಲ್ಲರಿಗೂ ಸಮಾಧಾನವಾಗುತ್ತಿತ್ತು. ಕನ್ನಡಕ ತೆಗೆದು ಮಡಿಲಿನಲ್ಲಿ ಇಟ್ಟುಕೊಂಡರು. ಅರ್ಧ ಗಡ್ಡ ಹೆರೆಸಿಕೊಂಡು, ಇನ್ನರ್ಧಕ್ಕೆ ಸೋಪು ಬಳಿಸಿಕೊಂಡು ಕೂತಿದ್ದ ಹೆಡ್‌ಮಾಸ್ತರರು ತಲೆ ತಗ್ಗಿಸಿದರು.

ಅದೇ ಹೊತ್ತಿಗೆ ಈಚೆ ಕಡೆ ಏಳನೇ ಮಾಣಿ ಹೊರಟ. ಅರ್ಧಿಂಚಣ್ಣ ಬಾಯಿಯ ಗುಂಡುಸೂಜಿಗಳನ್ನು ಮೆತ್ತೆಗೆ ಚುಚ್ಚಿ ಫೋನಿನ ಮೇಲೆ ಬೆರಳಿಟ್ಟ. ಸುದ್ದಿಯವಳು ಮುಕ್ಕಾಲು ಗಂಟೆಯಿಂದ ತೆರೆದಿಟ್ಟಿದ್ದ ಬಾಯಿ ಆಡಿಸಿದಳು: "...ಇನ್ನು ಐದೇ ನಿಮಿಷದಲ್ಲಿ ಗಡಿಯಾರ ಗೋಪುರದಿಂದ ನೇರ ಪ್ರಸಾರ."

ಅರ್ಧಿಂಚಣ್ಣ ಕೊರಳಿನ ಟೇಪು ಹಾರಾಡಿಸಿಕೊಂಡು ಬೀದಿಗೆ ಧುಮುಕಿದ.

"ಅತ್ತೇ! ಬನ್ನಿ ಬನ್ನಿ! ಇನ್ನೂ ಶುರುವೇ ಆಗಿಲ್ಲ!"

"ಅಣ್ಣಾ," ಅಂಚೆಯಣ್ಣ ತಡೆದ, "ನಾನು ಈ ಎರಡೂ ಕಣ್ಣಿಂದ ನೋಡಿ ಬಂದಿದ್ದೀನಿ. ಮುಗಿದುಹೋಯ್ತು."

"ಅದು ಬಿಟ್ಟಿ ನೋಡೋರಿಗೆ! ನಮಗೆ ಇನ್ನು ಐದು ನಿಮಿಷ ಇದೆ. ನಾನು ತಡಿ ಅಂದಿದ್ದೆ, ತಡೆದಿದ್ದಾಳೆ!"

ಬೇರೆ ದಿನವಾಗಿದ್ದರೆ ಬೀದಿಯೇ ಬಿದ್ದು ಬಿದ್ದು ನಗುತ್ತಿತ್ತು. ಅತ್ತೆ ಮಾತ್ರ ಕನ್ನಡಕ ಹಾಕಿಕೊಂಡು ಎದ್ದರು. ಮೊಣಕಾಲು ನೋಯುತ್ತದೆ ಎಂಬುದು ಆ ಹನ್ನೆರಡು ಹೆಜ್ಜೆಯ ಮಟ್ಟಿಗೆ ಅವರಿಗೆ ಮರೆತುಹೋಯಿತು. ಅತ್ತೆಯ ಹಿಂದೆ ಅರ್ಧಿಂಚಣ್ಣನ ಹೆಂಡತಿ, ಅವಳ ಹಿಂದೆ ಸೋಪಿನ ಹೆಡ್‌ಮಾಸ್ತರರು, ಅವರ ಹಿಂದೆ, ಗಿರಾಕಿಯ ಗಡ್ಡ ಅರ್ಧಕ್ಕೆ ಬಿಡಬಾರದು ಎಂಬ ನೆವದಿಂದ ಕ್ಷೌರದ ಕತ್ತಿ ಹಿಡಿದ ಸಲೂನಿನವನು. ಅಂಚೆಯಣ್ಣ ಸೈಕಲ್ಲನ್ನು ಗೋಡೆಗೆ ಒರಗಿಸಿ, ತಾನು ಕಂಡದ್ದು ಮತ್ತೆ ನಡೆಯುತ್ತದೆಯೋ ಎಂದು ನೋಡಲು ತಾನೂ ನುಗ್ಗಿದ. ಮೆತ್ತೆಯಿಂದ ಗುಂಡುಸೂಜಿಗಳನ್ನು ಕಿತ್ತು ಅತ್ತೆಯನ್ನು ಕೂರಿಸಲಾಯಿತು. ಗುಂಡಿಯ ಕಾಜ ಹೊಲಿಯಲು ಇಟ್ಟುಕೊಂಡಿದ್ದ ಭೂತಗನ್ನಡಿಯನ್ನು ಅರ್ಧಿಂಚಣ್ಣ ಫೋನಿನ ಮುಂದೆ ಹಿಡಿದ.

ಕ್ರೇನು ಕಾಣಿಸಿತು. ಗಾಜಿನ ಕೋಣೆಯೊಳಗೆ ಕಿತ್ತಳೆ ಬಣ್ಣದ ಅಂಗಿ. "ನನ್ನ ಮಗಳು!" ಎಂದರು ಅತ್ತೆ, ಎಲ್ಲರ ಪರವಾಗಿ.

ಗಡಿಯಾರ ನೆಲ ಬಿಟ್ಟಿತು. ಕಥೆಯ ರಾಕ್ಷಸನ ಕಣ್ಣಿನಷ್ಟು ದೊಡ್ಡದು, ನಿಧಾನವಾಗಿ ತಿರುಗುತ್ತ ಮೇಲೇರಿತು. ಗೋಪುರದ ತೂತಿನ ಮುಂದೆ ಬಂದು ಒಂದಿಷ್ಟು ಎಡಕ್ಕೆ ವಾಲಿತು.

"ಅಯ್ಯೋ, ಬಲಕ್ಕೆ ಕಣೇ, ಬಲಕ್ಕೆ!" ಅತ್ತೆ.

"ಅರ್ಧ ಇಂಚು ಅಷ್ಟೇ ಅತ್ತೆ, ಸರಿಹೋಗುತ್ತೆ," ಅರ್ಧಿಂಚಣ್ಣ.

ಅಷ್ಟರಲ್ಲಿ ಅಂಗಡಿಯ ಬಾಗಿಲಲ್ಲಿ ನೆರಳಾಡಿತು. ಯಾರೋ ಗಿರಾಕಿ. ಇಷ್ಟು ದಿನದ ಅಭ್ಯಾಸ ನೋಡಿ, ಅರ್ಧಿಂಚಣ್ಣನ ಬೆರಳು ತಾನಾಗಿ ಹೋಗಿ ಗಾಜಿನ ಮೇಲೆ ಕೂತಿತು. ಗಡಿಯಾರ ಗಾಳಿಯಲ್ಲಿ ನಿಂತಿತು!

"ಏಯ್!" ಇಡೀ ಅಂಗಡಿ ಚೀರಿತು.

"ಬಿಡ್ರೀ ಬೆರಳು! ನನ್ನ ಮಗಳ ಕೈ ಸೋಲುತ್ತೆ ಅಲ್ಲಿ!" ಎಂದು ಅತ್ತೆ ಅಳಿಯನ ಮಣಿಕಟ್ಟು ಹಿಡಿದರು.

"ಭಾವ," ಎಂದಿತು ಬಾಗಿಲ ಬಳಿಯ ದನಿ, "ಈ ತೋಳಿನ ಹೊಲಿಗೆ ಸ್ವಲ್ಪ ಬಿಟ್ಟಿದೆ, ಒಂದು ಹಾಕಿಕೊಡ್ತೀರಾ?"

ಎಲ್ಲರೂ ತಿರುಗಿದರು. ಕಿತ್ತಳೆ ಬಣ್ಣದ ಅಂಗಿ, ಕಂಕುಳಲ್ಲಿ ಹಳದಿ ಶಿರಸ್ತ್ರಾಣ, ಕೆನ್ನೆಯ ಮೇಲೆ ಗ್ರೀಸಿನ ಗೆರೆ. ಅರ್ಧಿಂಚಣ್ಣನ ನಾದಿನಿ. ಎಲ್ಲರೂ ಫೋನಿನ ಕಡೆ ತಿರುಗಿದರು. ಅಲ್ಲೂ ಅವಳೇ, ಗಾಜಿನ ಕೋಣೆಯಲ್ಲಿ. ಹೆಡ್‌ಮಾಸ್ತರರ ಗಲ್ಲದ ಸೋಪು ತೊಟ್ಟು ತೊಟ್ಟಾಗಿ ನೆಲಕ್ಕೆ ಬಿತ್ತು.

ಮೊದಲು ಮಾತು ಬಂದದ್ದು ಅತ್ತೆಗೆ. "ಅಯ್ಯೋ ಹುಚ್ಚುಡುಗಿ! ನೀನಿಲ್ಲಿ ಬಂದ್ರೆ ಅಲ್ಲಿ ಗಡಿಯಾರ ಹಿಡ್ಕೊಂಡಿರೋರು ಯಾರೇ? ಓಡು, ಓಡು!"

ಹುಡುಗಿ ಓಡಲಿಲ್ಲ. ಬಗ್ಗಿ ಫೋನು ನೋಡಿದಳು. ಮೂಲೆಯ ಬೂದು ಚುಕ್ಕೆ ನೋಡಿದಳು. ನಗು ತಡೆಯಲು ಶಿರಸ್ತ್ರಾಣ ಮುಖಕ್ಕೆ ಅಡ್ಡ ಹಿಡಿದಳು. "ಭಾವ, ಇದು ನೇರ ಅಲ್ಲ. ನೀವು ತಡೆದು ತಡೆದು ಹಿಂದೆ ಉಳಿದಿದ್ದೀರ. ಅಲ್ಲಿ ಮುಗಿದು ಎಷ್ಟೋ ಹೊತ್ತಾಯ್ತು. ಈ ಚುಕ್ಕೆ ನೋಡಿ, ಕೆಂಪಗಿರಬೇಕಿತ್ತು."

"ಅದು ಸೀಮೆಸುಣ್ಣ ಅಲ್ವಾ?" ಎಂದ ಅರ್ಧಿಂಚಣ್ಣ. ದನಿ ಹೊಲಿಗೆ ಬಿಚ್ಚಿದ ಹಾಗಿತ್ತು. ಮಳೆ, ಮಂತ್ರಿ, ಕಾರು, ಎಲ್ಲವೂ ಒಂದರ ಹಿಂದೆ ಒಂದು ಅವನ ಮುಖದ ಮೇಲೆ ಮೆರವಣಿಗೆ ಹೋದವು.

ಸಲೂನಿನವನು ಬಾಯಿ ತೆರೆದ. ಜೀವಮಾನದಲ್ಲಿ ಅಂಥ ಅವಕಾಶ ಒಂದೇ ಸಲ ಬರುತ್ತದೆ. "ಅಂದ್ರೆ ಇಷ್ಟು ದಿನ ಈ ಮನುಷ್ಯ..."

"ನೀವು ಬಾಯಿ ಮುಚ್ರೀ!" ಅತ್ತೆಯ ಊರುಗೋಲು ಅವನ ಎದೆಯ ಮುಂದೆ ಬಂದು ನಿಂತಿತು. "ನಿಮ್ಮ ಟೀವಿ ಮುಂದೆ ಮುಂದೆ ಓಡಿ ಏನು ಕಡಿದು ಕಟ್ಟೆ ಹಾಕ್ತು? ನನ್ನ ಮಗಳ ಹೊತ್ತಿಗೆ ಸರಿಯಾಗಿ ಕತ್ತಲು ತೋರಿಸ್ತು. ನನ್ನ ಅಳಿಯಂದ್ರು ನನಗೋಸ್ಕರ ತಡೆದು ಇಟ್ಟಿದ್ದಾರೆ. ಊರಿಗೆಲ್ಲ ಮುಗಿದುಹೋದದ್ದು ನನ್ನ ಅಳಿಯನ ಮನೇಲಿ ಇನ್ನೂ ಬಾಕಿ ಇದೆ! ಯಾರ ಮನೇಲಿದೆ ಹೇಳಿ, ನೋಡೋಣ?"

ಯಾರ ಮನೆಯಲ್ಲೂ ಇರಲಿಲ್ಲ. ಹೆಡ್‌ಮಾಸ್ತರರು ಸೋಪಿನ ಗಲ್ಲ ಒರೆಸಿಕೊಂಡು, "ಆಕ್ಷೇಪಣೆ ತಳ್ಳಿಹಾಕಲಾಗಿದೆ" ಎಂದು ತೀರ್ಪು ಕೊಟ್ಟರು.

ಅರ್ಧಿಂಚಣ್ಣ ಇಂಚು ಇಂಚಾಗಿ ನೆಟ್ಟಗಾದ. ಟೇಪನ್ನು ಕೊರಳಿಗೆ ಸರಿಯಾಗಿ ಹಾಕಿಕೊಂಡ. "ಅತ್ತೆ, ನಾನು ಏನು ಹೊಲಿದ್ರೂ ಒಳಗೆ ಎರಡು ಬೆರಳು ಬಿಟ್ಟೇ ಹೊಲಿಯೋದು," ಎಂದ. "ಬೇಕಾದಾಗ ಬಿಚ್ಚಿಕೊಳ್ಳೋಕೆ."

ಹೆಂಡತಿ ಅವನ ಕಡೆ ನೋಡಿದಳು. ಮದುವೆಯಾದ ಹೊಸತರಲ್ಲಿ ನೋಡುತ್ತಿದ್ದ ಹಾಗೆ.

"ಭಾವ, ಒತ್ತಿ," ಎಂದಳು ನಾದಿನಿ, ಅಮ್ಮನ ಪಕ್ಕ ನೆಲದ ಮೇಲೇ ಕೂರುತ್ತ. "ನಾನೂ ನೋಡಿಲ್ಲ. ಮೇಲಿಂದ ನನಗೆ ಕೊಕ್ಕೆ ಬಿಟ್ಟು ಏನೂ ಕಾಣಲ್ಲ."

ಅರ್ಧಿಂಚಣ್ಣ ಒತ್ತಿದ. ಗಡಿಯಾರಕ್ಕೆ ಜೀವ ಬಂತು. ಎಡಕ್ಕೆ ವಾಲಿದ್ದು ಬಲಕ್ಕೆ ಬಂತು, ನಿಂತಿತು, ಕಾಜದೊಳಗೆ ಗುಂಡಿ ಹೋದ ಹಾಗೆ ಗೋಪುರದೊಳಗೆ ಕೂತಿತು. ಅಂಗಡಿಯಲ್ಲಿ ಎದ್ದ ಚಪ್ಪಾಳೆಗೆ ಫೋನಿನೊಳಗಿನ ಚೌಕದ ಚಪ್ಪಾಳೆ ಕೇಳಿಸಲೇ ಇಲ್ಲ. ಎಲ್ಲರಿಗಿಂತ ಜೋರಾಗಿ ಹೊಡೆದವನು, ಕತ್ತಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡ ಸಲೂನಿನವನು.

ಆಮೇಲೆ ಗಾಜಿನ ಕೋಣೆಯ ಕಿಟಕಿ ತೆರೆಯಿತು. ಒಂದು ಕಿತ್ತಳೆ ತೋಳು ಹೊರಗೆ ಬಂದು ಬೀಸಿತು. ಹೊಲಿಗೆ ಬಿಟ್ಟ ತೋಳು.

ಮಗಳು ಮಗ್ಗುಲಲ್ಲೇ, ಮೊಣಕಾಲಿಗೆ ಒರಗಿ ಕೂತಿದ್ದಳು. ಆದರೂ ಅತ್ತೆ ಭೂತಗನ್ನಡಿಯ ಕಡೆಗೆ ಕೈ ಎತ್ತಿ, ಬಹಳ ಹೊತ್ತು ಬೀಸಿದರು.

ಮಾರನೇ ದಿನದಿಂದ ಬೀದಿಯ ಲೆಕ್ಕಾಚಾರವೇ ತಿರುಗಿತು. ಅವಸರವಿದ್ದವರು ಸಲೂನಿಗೆ ಹೋದರು. ತಪ್ಪಿಸಿಕೊಂಡವರು, ತಡವಾಗಿ ಎದ್ದವರು, ಬಸ್ಸು ಸಿಗದೆ ಹಿಂದೆ ಉಳಿದವರು, ಅಂದರೆ ಬೀದಿಯ ಮುಕ್ಕಾಲು ಪಾಲು ಜನ, ಹೊಲಿಗೆ ಅಂಗಡಿಗೆ ಬಂದರು. ಅಂಗಡಿ ಮುಚ್ಚುವ ಮುನ್ನ ಸಲೂನಿನವನೂ ಬಂದು ಬಾಗಿಲಲ್ಲಿ ನಿಂತು, ಗಂಟಲು ಕೆರೆದು, "ಅಣ್ಣಾ, ಗಿರಾಕಿ ಜಾಸ್ತಿ ಇದ್ರು, ಬೆಳಿಗ್ಗೆದು ನೋಡೋಕಾಗಲಿಲ್ಲ. ನಿನ್ನ ಹತ್ರ ಇನ್ನೂ ಇದೆಯಾ?" ಎಂದು ಕೇಳುತ್ತಿದ್ದ.

"ಬಾ, ಕೂತ್ಕೊ. ಅದಕ್ಕೆ ತಾನೇ ಇಟ್ಟಿರೋದು."

ಅತ್ತೆಯಂತೂ ಮೆತ್ತೆ ಬಿಟ್ಟು ಏಳುತ್ತಿರಲಿಲ್ಲ. ಎದ್ದರೂ ನಿಧಾನವಾಗಿ, ಊರುಗೋಲು ಹುಡುಕಿ, ಚಪ್ಪಲಿ ಮೆಟ್ಟಿ, ಒಳಗೆ ನೀರು ಕುಡಿಯಲು ಹೊರಡುವಾಗ ಹೊಸ್ತಿಲಲ್ಲಿ ನಿಂತು ತಿರುಗಿ ನೋಡುತ್ತಿದ್ದರು.

"ಅಳಿಯಂದ್ರೇ, ನಾನು ಬರೋವರೆಗೂ ತಡಿಯಕ್ಕೆ ಹೇಳಿ ಅವಳಿಗೆ."

ಅರ್ಧಿಂಚಣ್ಣ ಬೆರಳಿಡುತ್ತಿದ್ದ. ಲೋಕದ ಅಷ್ಟೂ ಸುದ್ದಿ ಬಾಯಿ ತೆರೆದುಕೊಂಡು, ಅತ್ತೆ ನೀರು ಕುಡಿದು ಬರುವವರೆಗೆ ಕಾಯುತ್ತಿತ್ತು.